ಸುಳ್ಳು, ಸಮ್ಮತಿ ಮತ್ತು ಕಥನ: ನಾಲ್ಕು ಕನ್ನಡ ಕೃತಿಗಳಲ್ಲಿ ವಂಚನೆಯ ಸ್ವರೂಪ

1

ಕಥೆಯನ್ನು ಮುನ್ನಡೆಸುವಲ್ಲಿ ಸತ್ಯಕ್ಕಿಂತ ಸುಳ್ಳಿಗೆ ಹೆಚ್ಚಿನ ಕಸುವಿದೆ ಎಂಬುದು ಹೊಸ ಮಾತೇನಲ್ಲ. ಪಾತ್ರವೊಂದು ಸುಳ್ಳಾಡಿದ ಕ್ಷಣದಿಂದಲೇ ಕಥಾಲೋಕವು ತಿಳಿದವರು ಮತ್ತು ತಿಳಿಯದವರು ಎಂದು ಎರಡಾಗಿ ಒಡೆಯುತ್ತದೆ. ಓದುಗನೋ ಪ್ರೇಕ್ಷಕನೋ ಸಾಮಾನ್ಯವಾಗಿ ತಿಳಿದವರ ಪಾಳೆಯದಲ್ಲಿರುತ್ತಾನೆ. ತಿಳಿಯದವರಿಗೆ ಅದು ಎಂದು ತಿಳಿದೀತು ಎಂಬ ನಿರೀಕ್ಷೆಯೇ ಅವನನ್ನು ಕೊನೆಯವರೆಗೆ ಹಿಡಿದಿಡುತ್ತದೆ. ಆದರೆ ಈ ವಿವರಣೆ ಪತ್ತೇದಾರಿ ಕಥೆಗೂ ಮಹಾಕಾವ್ಯಕ್ಕೂ ಸಮಾನವಾಗಿ ಅನ್ವಯಿಸುವಂಥದ್ದು. ಸುಳ್ಳು ಕಥೆಯನ್ನು ನಡೆಸುತ್ತದೆ ಎಂದಷ್ಟೇ ಹೇಳಿದರೆ, ಅದು ಕಥೆಯನ್ನು ಎಲ್ಲಿಗೆ ಒಯ್ಯುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ನಮ್ಮ ವಿಮರ್ಶೆಯಲ್ಲಿ ಈ ಪ್ರಶ್ನೆಗೆ ದೊರೆತಿರುವ ಉತ್ತರಗಳು ಹೆಚ್ಚಾಗಿ ಸುಳ್ಳಾಡಿದವರ ಸುತ್ತ ಸುತ್ತಿವೆ. ಯಾರು ವಂಚಿಸಿದರು, ಏಕೆ ವಂಚಿಸಿದರು, ಅವರಿಗೆ ಯಾವ ಫಲ ದೊರೆಯಿತು ಎಂಬ ವಿಚಾರಣೆಯ ಕ್ರಮವಿದು. ಇದರಲ್ಲಿ ಕೇಳುವವರಿಗೆ ಸ್ಥಾನವಿಲ್ಲ. ಸುಳ್ಳು ನಡೆಯಬೇಕಾದರೆ ಅದನ್ನು ನಂಬಲು ಸಿದ್ಧವಾದ ಕಿವಿಯೊಂದು ಬೇಕು. ಗೋವಿನ ಹಾಡಿನ ಪುಣ್ಯಕೋಟಿಯ ಸತ್ಯ ಗೆಲ್ಲುವುದು ಕೂಡ ಅದನ್ನು ಕೇಳಿಸಿಕೊಂಡ ಹುಲಿ ಬದಲಾದುದರಿಂದಲೇ. ಸತ್ಯಕ್ಕೆ ಒಪ್ಪುವ ಈ ಮಾತು ಸುಳ್ಳಿಗೂ ಒಪ್ಪಬೇಕು.

ಜನ್ನನ 'ಯಶೋಧರಚರಿತೆ', ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ', ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ಚಲನಚಿತ್ರ ಹಾಗೂ ಗಿರೀಶ ಕಾರ್ನಾಡರ 'ನಾಗಮಂಡಲ' - ಈ ನಾಲ್ಕು ಕೃತಿಗಳನ್ನು ಆಧರಿಸಿ ಪ್ರಸ್ತುತ ಲೇಖನ ಮಂಡಿಸಬಯಸುವ ವಿಚಾರವಿಷ್ಟು: ಇವುಗಳಲ್ಲಿ ವ್ಯಕ್ತಿಯೊಬ್ಬರ ಖಾಸಗಿ ಸುಳ್ಳು ಅಥವಾ ಮರೆಮಾಚುವಿಕೆಯು ಕಥೆಯನ್ನು ಚಾಲನೆಗೊಳಿಸುತ್ತದೆ, ಆದರೆ ಅದು ಹೋಗಿ ತಲುಪುವುದು ಸಮುದಾಯವೇ ಒಪ್ಪಿ, ವಿಧಿಪೂರ್ವಕವಾಗಿ ಆಚರಿಸುವ ಇನ್ನೂ ದೊಡ್ಡದೊಂದು ಸುಳ್ಳನ್ನು. ಮೊದಲನೆಯದನ್ನು ನಾವು ಸುಳ್ಳೆಂದು ಗುರುತಿಸುತ್ತೇವೆ. ಎರಡನೆಯದು ಧರ್ಮ, ತೀರ್ಪು, ಸಂಪ್ರದಾಯ ಎಂಬ ಹೆಸರುಗಳಲ್ಲಿ ಬರುವುದರಿಂದ ಗುರುತಿಸುವುದಿಲ್ಲ. ಅದನ್ನು ಗುರುತಿಸುವಂತೆ ಮಾಡುವುದೇ ಈ ಕೃತಿಗಳ ನಿಜವಾದ ಕೆಲಸ.

2

1209ರಲ್ಲಿ ರಚಿತವಾದ 'ಯಶೋಧರಚರಿತೆ'ಯಲ್ಲಿ ವಂಚನೆ ಎಂದೊಡನೆ ನೆನಪಿಗೆ ಬರುವವಳು ಅಮೃತಮತಿ. ಉಜ್ಜಯಿನಿಯ ಅರಸಿ ಕುರೂಪಿಯಾದ ಮಾವುತನ ಹಾಡಿಗೆ ಮನಸೋತು, ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಕಾವ್ಯದ ಚರ್ಚೆಯ ಬಹುಭಾಗ ಅವಳ ಒಲವಿನ ವೈಚಿತ್ರ್ಯಕ್ಕೆ, ಅವಳ ಪಾಪಪುಣ್ಯಕ್ಕೆ ಮೀಸಲಾಗಿದೆ. ಕಥೆಯ ಕಾರ್ಯಕಾರಣ ಸರಣಿಯನ್ನು ನೋಡಿದರೆ ಮಾತ್ರ ಬೇರೊಂದು ಸಂಗತಿ ಕಾಣುತ್ತದೆ. ಭವಾವಳಿಯ ದೀರ್ಘ ಯಾತನೆಗೆ ಕಾರಣವಾದುದು ಹಿಟ್ಟಿನ ಕೋಳಿಯ ಬಲಿ. ಆ ಬಲಿಗೆ ಕಾರಣವಾದುದು ಅಮೃತಮತಿಯ ವಂಚನೆಯಲ್ಲ, ಯಶೋಧರನದೇ ಮಾತು.

ಮಡದಿಯ ನಡತೆಯನ್ನು ಕಣ್ಣಾರೆ ಕಂಡ ಯಶೋಧರನು ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಮರುದಿನ ತಾಯಿ ಚಂದ್ರಮತಿ ಅವನ ಕಳೆಗುಂದಿದ ಮುಖವನ್ನು ಕಂಡು ಕಾರಣ ಕೇಳಿದಾಗ, ಎಚ್ಚರದಲ್ಲಿ ಕಂಡದ್ದನ್ನು ಕನಸಿನ ಮರೆಯಲ್ಲಿ ಹೇಳುತ್ತಾನೆ. ಇದು ಪೂರ್ತಿ ಸುಳ್ಳಲ್ಲ. ವೇಷ ತೊಟ್ಟ ಸತ್ಯ. ಮಾನದ ರಕ್ಷಣೆ, ತಾಯಿಗೆ ನೋವಾಗದಿರಲಿ ಎಂಬ ಕಾಳಜಿ, ಹೇಳಲಾರದ ಲಜ್ಜೆ ಎಲ್ಲವೂ ಅದರ ಹಿಂದಿವೆ. ಆದರೆ ಕನಸೆಂದು ಹೇಳಿದ ಮೇಲೆ ಕೇಳುವವಳು ಅದನ್ನು ಕನಸೆಂದೇ ಅರ್ಥೈಸಬೇಕು. ಚಂದ್ರಮತಿಯ ನಂಬಿಕೆಯ ಲೋಕದಲ್ಲಿ ದುಃಸ್ವಪ್ನಕ್ಕೆ ಶಾಂತಿಯಾಗಬೇಕು, ಶಾಂತಿಗೆ ಬಲಿ ಬೇಕು. ಹಿಂಸೆಗೆ ಒಲ್ಲದ ಮಗ ಮತ್ತು ಬಲಿಯನ್ನು ಬಿಡಲೊಲ್ಲದ ತಾಯಿಯ ನಡುವಣ ಒಪ್ಪಂದವಾಗಿ ಹಿಟ್ಟಿನ ಕೋಳಿ ಸಿದ್ಧವಾಗುತ್ತದೆ.

ಇಲ್ಲಿ ಎರಡು ಸುಳ್ಳುಗಳ ರಚನೆ ಒಂದೇ ಬಗೆಯದು. ಕನಸು ಸತ್ಯದ ವೇಷವಾದರೆ ಹಿಟ್ಟಿನ ಕೋಳಿ ಬಲಿಯ ವೇಷ. ಮೊದಲನೆಯದು ಒಬ್ಬನ ಬಾಯಿಂದ ಬಂದದ್ದು. ಎರಡನೆಯದಕ್ಕೆ ಇಬ್ಬರ ಸಮ್ಮತಿಯಿದೆ, ದೇವಿಯ ಸನ್ನಿಧಿಯಿದೆ, ವಿಧಿಯ ಗಾಂಭೀರ್ಯವಿದೆ. ಕೊಂದಂತೆಯೂ ಆಗಬೇಕು, ಕೊಲ್ಲದಂತೆಯೂ ಇರಬೇಕು ಎಂಬ ಈ ಜಾಣ್ಮೆಯನ್ನು ಜನ್ನನು ಒಂದು ಕೂಗಿನಿಂದ ಒಡೆಯುತ್ತಾನೆ. ಅದರಲ್ಲಿ ಬೆಂತರ ಸೇರಿಕೊಂಡಿದ್ದುದರಿಂದ ಕತ್ತಿಯ ಪೆಟ್ಟಿಗೆ ಹಿಟ್ಟಿನ ಕೋಳಿ ಕೂಗುತ್ತದೆ. ವಿಮರ್ಶಕರು ಸಂಕಲ್ಪಹಿಂಸೆ ಎಂದು ಕರೆದಿರುವ ತತ್ತ್ವದ ದೃಷ್ಟಾಂತವಾಗಿ ಈ ಸನ್ನಿವೇಶ ಪ್ರಸಿದ್ಧ. ಕಥನದ ದೃಷ್ಟಿಯಿಂದ ಅದು ಸುಳ್ಳೊಂದು ಬಯಲಾಗುವ ಕ್ಷಣವೂ ಹೌದು. ವಿಶೇಷವೆಂದರೆ ಬಯಲಾದುದು ಅಮೃತಮತಿಯ ಗುಟ್ಟಲ್ಲ, ತಾಯಿ ಮಕ್ಕಳ ಒಪ್ಪಂದ.

ಅಮೃತಮತಿ ಮಾಡಿದ ಕೊಲೆಯನ್ನು ಸಮುದಾಯದ ಲೆಕ್ಕಕ್ಕೆ ಬರೆಯಲು ಸಾಧ್ಯವೇ ಎಂಬ ಆಕ್ಷೇಪ ಸಹಜವಾದುದು. ಸಾಧ್ಯವಿಲ್ಲ, ಅದು ಅವಳದೇ ಕೃತ್ಯ, ಕವಿಯೂ ಅವಳನ್ನು ಬಿಟ್ಟುಕೊಟ್ಟಿಲ್ಲ. ಆದರೆ ವಿಷ ಯಶೋಧರನ ಆಯುಸ್ಸನ್ನಷ್ಟೇ ಮುಗಿಸುತ್ತದೆ. ನವಿಲು ನಾಯಿಗಳಾಗಿ, ಆಡಾಗಿ, ಕೋಳಿಗಳಾಗಿ ತಾಯಿ ಮಗನನ್ನು ಅಲೆಸುವುದು ಹಿಟ್ಟಿನ ಕೋಳಿ. ಕಾವ್ಯದ ಚೌಕಟ್ಟೂ ಇದನ್ನು ಬೆಂಬಲಿಸುತ್ತದೆ. ಚಂಡಮಾರಿಗೆ ಬಲಿಯಾಗಲು ತಂದ ಅಭಯರುಚಿ ಮಾರಿದತ್ತನ ಮುಂದೆ ತನ್ನ ಹಿಂದಿನ ಜನ್ಮಗಳ ಕಥೆಯನ್ನು ಯಾವ ಮರೆಯೂ ಇಲ್ಲದೆ ಹೇಳುತ್ತಾನೆ. ತಾಯಿಯ ಮುಂದೆ ಮರೆಯಿಟ್ಟು ಹೇಳಿದ ಮಾತು ಬಲಿಗೆ ದಾರಿಯಾದರೆ, ಕತ್ತಿಯ ಮುಂದೆ ನೇರವಾಗಿ ಹೇಳಿದ ಕಥೆ ಬಲಿಯನ್ನು ನಿಲ್ಲಿಸುತ್ತದೆ. ಇದೇ ವಸ್ತುವನ್ನು ಎತ್ತಿಕೊಂಡ ಕಾರ್ನಾಡರು ತಮ್ಮ ನಾಟಕಕ್ಕೆ 'ಹಿಟ್ಟಿನ ಹುಂಜ' ಎಂದು ಹೆಸರಿಟ್ಟುದರಲ್ಲಿ ಕಥೆಯ ಮರ್ಮ ಎಲ್ಲಿದೆ ಎಂಬ ತಿಳಿವಳಿಕೆ ಕಾಣುತ್ತದೆ.

3

1965ರಲ್ಲಿ ಪ್ರಕಟವಾಗಿ, 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದಲ್ಲಿ ಚಲನಚಿತ್ರವೂ ಆದ 'ಸಂಸ್ಕಾರ'ವನ್ನು ಸುಳ್ಳಿನ ಕಥೆಯೆಂದು ಯಾರೂ ಓದುವುದಿಲ್ಲ. ಧರ್ಮಸಂಕಟ, ಕಾಮ, ಬ್ರಾಹ್ಮಣ್ಯದ ಅವನತಿ ಎಂಬ ಪರಿಚಿತ ನೆಲೆಗಳಲ್ಲಿ ಅದರ ಚರ್ಚೆ ಸಾಕಷ್ಟು ನಡೆದಿದೆ. ಆದರೆ ಕಥಾವಸ್ತುವಿನ ನಡುವೆ ಒಂದು ಮೌನವಿದೆ. ಕಾದಂಬರಿಯ ಉತ್ತರಾರ್ಧ ಪೂರ್ತಿಯಾಗಿ ಅದರ ಮೇಲೆ ನಿಂತಿದೆ.

ನಾರಣಪ್ಪನ ಶವಸಂಸ್ಕಾರವನ್ನು ಯಾರು ಮಾಡಬೇಕೆಂಬ ಪ್ರಶ್ನೆಗೆ ಗ್ರಂಥಗಳಲ್ಲಿಯೂ ಮಾರುತಿಯ ಗುಡಿಯಲ್ಲಿಯೂ ಉತ್ತರ ದೊರೆಯದೆ ಹಿಂದಿರುಗುವ ಪ್ರಾಣೇಶಾಚಾರ್ಯರು ಕಾಡಿನ ಕತ್ತಲಲ್ಲಿ ಚಂದ್ರಿಯನ್ನು ಕೂಡುತ್ತಾರೆ. ನಡೆದುದನ್ನು ಅಗ್ರಹಾರದವರ ಮುಂದೆ ಹೇಳುವ ಧೈರ್ಯ ತಮಗಿಲ್ಲವೆಂದು ಬಗೆದು ಆ ಹೊಣೆಯನ್ನು ಚಂದ್ರಿಗೆ ವಹಿಸುತ್ತಾರೆ. ಚಂದ್ರಿ ಹೇಳುವುದಿಲ್ಲ. ಕೊಳೆಯುತ್ತಿರುವ ಹೆಣವನ್ನು ಕಂಡು, ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಸುಟ್ಟು, ಕುಂದಾಪುರದ ದಾರಿ ಹಿಡಿಯುತ್ತಾಳೆ. ಇದು ಓದುಗನಿಗೆ ತಿಳಿದಿದೆ, ಅಗ್ರಹಾರಕ್ಕೆ ತಿಳಿಯದು. ಆ ಮೇಲೂ ಬ್ರಾಹ್ಮಣರು ಅಪ್ಪಣೆಯನ್ನರಸಿ ಊರಿಂದೂರಿಗೆ, ಕೊನೆಗೆ ಮಠಕ್ಕೆ ನಡೆಯುತ್ತಾರೆ. ಸುಟ್ಟು ಮುಗಿದ ಹೆಣವನ್ನು ಸುಡಬಹುದೇ ಎಂದು ಕೇಳಲು ಹೊರಟ ಈ ಯಾತ್ರೆಯ ವ್ಯಂಗ್ಯವನ್ನು ಲೇಖಕರು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಧರ್ಮಚರ್ಚೆಯ ವಸ್ತುವೇ ಇಲ್ಲವಾಗಿದ್ದರೂ ಚರ್ಚೆ ನಡೆಯುತ್ತದೆ ಎಂಬುದು ಓದುಗನಿಗೆ ಅರಿವಾದರೆ ಸಾಕು. ಆ ಚರ್ಚೆಗೆ ಹೆಣದ ಅಗತ್ಯ ಮೊದಲೂ ಇರಲಿಲ್ಲ ಎಂಬುದು ತಾನಾಗಿ ಹೊಳೆಯುತ್ತದೆ.

ಚಂದ್ರಿಯ ಮರೆಮಾಚುವಿಕೆಯಲ್ಲಿ ಸ್ವಾರ್ಥವಿಲ್ಲ. ಮಾಡಬೇಕಾದುದನ್ನು ಮಾಡಿ ಅವಳು ಸುಮ್ಮನಾದಳು. ಆಚಾರ್ಯರ ಮೌನ ಬೇರೆ ಜಾತಿಯದು. ಮೇಳಿಗೆಯ ಜಾತ್ರೆಯಲ್ಲಿ ಪುಟ್ಟನ ಜೊತೆಗೆ ತಿರುಗುವಾಗ, ಸೂತಕದಲ್ಲಿದ್ದೂ ದೇವಸ್ಥಾನದ ಪಂಕ್ತಿಯಲ್ಲಿ ಕುಳಿತಾಗ ಅವರನ್ನು ಬೆನ್ನಟ್ಟುವುದು ಗುರುತು ಸಿಕ್ಕೀತೆಂಬ ಭಯ. ಒಂದು ಮರೆ ಮತ್ತೊಂದು ಮರೆಯನ್ನು ಬೇಡುತ್ತ ಹೋಗುವ ಈ ಭಾಗದಲ್ಲಿ ಕಾದಂಬರಿಗೆ ಬೇಟೆಯ ಕಥೆಯ ವೇಗ ಬರುತ್ತದೆ. ಸತ್ಯ ಹೇಳಿಬಿಡಬೇಕೆಂಬ ತುಡಿತ ಅವರಲ್ಲಿದೆ. ಆದರೆ ಕೇಳುವವರು ಯಾರು? ಅಗ್ರಹಾರಕ್ಕೆ ಬೇಕಾದುದು ಪ್ರಾಣೇಶಾಚಾರ್ಯರ ಸತ್ಯವಲ್ಲ, ವೇದಾಂತ ಶಿರೋಮಣಿಗಳ ಪಾವಿತ್ರ್ಯ. ಆ ಬಿಂಬ ಒಡೆದರೆ ಅವರು ಮಾತ್ರವಲ್ಲ, ಅದನ್ನು ನೆಚ್ಚಿ ಬದುಕಿದವರೆಲ್ಲರೂ ಒಡೆಯುತ್ತಾರೆ. ಕಾದಂಬರಿ ಅವರನ್ನು ಹಿಂದಿರುಗುವ ದಾರಿಯಲ್ಲಿ ನಿಲ್ಲಿಸಿ ಮುಗಿಯುವುದಕ್ಕೆ ಇದೂ ಒಂದು ಕಾರಣವಿರಬೇಕು. ಸತ್ಯವನ್ನು ನುಡಿಯುವ ಕ್ಷಣವನ್ನು ಬರೆಯಬಹುದು. ಅದನ್ನು ಕೇಳಬಲ್ಲ ಸಮುದಾಯ ಇನ್ನೂ ಹುಟ್ಟಿಲ್ಲ.

4

ಮುಂದಿನ ಎರಡು ಕೃತಿಗಳಲ್ಲಿ ಹೆಣ್ಣೊಬ್ಬಳು ಹುತ್ತದೊಳಗೆ ಕೈಯಿಡುತ್ತಾಳೆ. ಕೈಯಿಟ್ಟ ಕಾರಣಗಳೂ ಫಲಗಳೂ ವಿರುದ್ಧವಾಗಿರುವುದರಿಂದ ಅವನ್ನು ಜೊತೆಯಲ್ಲಿಟ್ಟು ನೋಡುವುದು ಉಪಯುಕ್ತ.

ಅನಂತಮೂರ್ತಿಯವರ ಕಥೆಯನ್ನಾಧರಿಸಿ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ 'ಘಟಶ್ರಾದ್ಧ'ದ ಯಮುನಕ್ಕ ಬಾಲವಿಧವೆ, ವೇದಪಾಠ ಹೇಳುವ ಉಡುಪರ ಮಗಳು. ಬಸಿರನ್ನು ಮುಚ್ಚಿಡಬೇಕಾದ ಅವಳ ಸಂಕಟಕ್ಕೆ ಸಾಕ್ಷಿಯಾಗುವವನು ಪಾಠಶಾಲೆಯ ಎಳೆಯ ಹುಡುಗ ನಾಣಿ. ಚಿತ್ರ ಬಹುಮಟ್ಟಿಗೆ ಅವನ ನೋಟವನ್ನೇ ಅನುಸರಿಸುತ್ತದೆ. ಅವನಿಗೆ ಗುಟ್ಟಿದೆ ಎಂಬುದು ಗೊತ್ತು, ಗುಟ್ಟೇನೆಂಬುದು ಗೊತ್ತಿಲ್ಲ, ಆದರೂ ಕಾಯುತ್ತಾನೆ. ಪ್ರೇಕ್ಷಕನಿಗೆ ಗುಟ್ಟು ಗೊತ್ತು, ಕಾಯುವ ಶಕ್ತಿಯಿಲ್ಲ. ಸಾಹಿತ್ಯದಲ್ಲಿ ನಿರೂಪಕನ ಮಾತಿನಿಂದ ಸಾಧಿಸಬೇಕಾದ ಈ ಅಂತರವನ್ನು ಸಿನಿಮಾ ಮಗುವಿನ ಮುಖವೊಂದರಿಂದಲೇ ಸಾಧಿಸುತ್ತದೆ. ಸಾಯಲೆಂದು ಯಮುನಕ್ಕ ಹುತ್ತಕ್ಕೆ ಕೈಯಿಡುತ್ತಾಳೆ, ಸಾವು ಬರುವುದಿಲ್ಲ.

ಗುಟ್ಟು ರಟ್ಟಾದ ಮೇಲೆ ನಡೆಯುವ ವಿಧಿಯ ಹೆಸರೇ ಚಿತ್ರದ ಹೆಸರು. ಬದುಕಿರುವವಳನ್ನು ಸತ್ತವಳೆಂದು ಬಗೆದು ಮಡಕೆಯೊಡೆದು ಶ್ರಾದ್ಧ ಮಾಡುವುದು, ಅವಳೊಡನೆ ಇದ್ದ ಸಂಬಂಧವನ್ನು ಕಡಿದುಕೊಳ್ಳುವುದು ಘಟಶ್ರಾದ್ಧದ ಅರ್ಥ. ಯಮುನಕ್ಕ ಮುಚ್ಚಿಟ್ಟದ್ದು ಒಂದು ಜೀವದ ಇರವನ್ನು. ಊರು ಬಹಿರಂಗವಾಗಿ, ಮಂತ್ರಸಹಿತವಾಗಿ ಇಲ್ಲವೆನ್ನುವುದೂ ಒಂದು ಜೀವದ ಇರವನ್ನೇ. ಜನ್ನನಲ್ಲಿ ಜೀವವಿಲ್ಲದ ಹಿಟ್ಟಿಗೆ ಜೀವವಿದೆಯೆಂದು ಬಗೆದು ಬಲಿಕೊಟ್ಟರು. ಇಲ್ಲಿ ಜೀವವಿರುವ ಹೆಣ್ಣಿಗೆ ಜೀವವಿಲ್ಲವೆಂದು ಬಗೆದು ಪಿಂಡವಿಟ್ಟರು. ಹಿಟ್ಟಿನ ಕೋಳಿ ಕೂಗಿ ಸುಳ್ಳನ್ನು ಬಯಲಿಗೆಳೆಯಿತು. ತಲೆ ಬೋಳಿಸಿಕೊಂಡು ಮರದಡಿಯಲ್ಲಿ ಕುಳಿತ ಯಮುನಕ್ಕ ಕೂಗುವುದಿಲ್ಲ. ಅವಳನ್ನು ಕಾಣುವ ಕಣ್ಣು ನಾಣಿಯದೊಂದೇ. ಅವನನ್ನೂ ಅಲ್ಲಿಂದ ಕರೆದೊಯ್ಯಲಾಗುತ್ತದೆ.

'ನಾಗಮಂಡಲ' 1988ರ ನಾಟಕ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳು ಅದಕ್ಕೆ ಮೂಲ. 1997ರಲ್ಲಿ ಟಿ. ಎಸ್. ನಾಗಾಭರಣ ಅದನ್ನು ಚಲನಚಿತ್ರವಾಗಿಸಿದರು. ಹಗಲು ಬಂದು ಬೀಗ ಹಾಕಿ ಹೋಗುವ ಗಂಡ ಅಪ್ಪಣ್ಣ, ರಾತ್ರಿ ಅವನದೇ ರೂಪದಲ್ಲಿ ಬರುವ ನಾಗ, ಇಬ್ಬರನ್ನೂ ಒಬ್ಬನೆಂದೇ ತಿಳಿಯಬೇಕಾದ ರಾಣಿ. ರಂಗದ ಮೇಲೆ ಒಬ್ಬ ನಟ ಎರಡು ಪಾತ್ರ ವಹಿಸುವುದು ಪ್ರೇಕ್ಷಕ ಒಪ್ಪಿಕೊಳ್ಳುವ ಸಂಪ್ರದಾಯ. ತೆರೆಯ ಮೇಲೆ ಪ್ರಕಾಶ್ ರೈ ಅವರ ಒಂದೇ ಮುಖ ಎರಡು ಬಾರಿ ಕಂಡಾಗ ಅದು ಕಣ್ಣಿನ ಸಾಕ್ಷ್ಯವಾಗುತ್ತದೆ. ಹೀಗಾಗಿ ಚಿತ್ರದಲ್ಲಿ ರಾಣಿಯ ನಂಬಿಕೆಯನ್ನು ಮುಗ್ಧತೆಯೆಂದು ಸುಲಭವಾಗಿ ಕರೆಯುವಂತಿಲ್ಲ. ಅವಳ ಸ್ಥಾನದಲ್ಲಿ ನಾವಿದ್ದರೂ ಕಣ್ಣು ಅದನ್ನೇ ಹೇಳುತ್ತಿತ್ತು.

ಬಸಿರಾದ ರಾಣಿ ಪಂಚರ ಮುಂದೆ ದಿವ್ಯಕ್ಕೆ ನಿಲ್ಲಬೇಕಾಗುತ್ತದೆ. ಹುತ್ತದಲ್ಲಿ ಕೈಯಿಟ್ಟು ಹಾವನ್ನು ಹಿಡಿದು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಯಾವ ಗಂಡನ್ನೂ ಮುಟ್ಟಿಲ್ಲವೆಂದು ಆಣೆಯಿಡುತ್ತಾಳೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕೇಳಿದವರು ಗ್ರಹಿಸಿದುದರಲ್ಲಿ ಒಂದಂಶವೂ ನಿಜವಿಲ್ಲ. ಅಶ್ವತ್ಥಾಮನೆಂಬ ಆನೆಯ ಸಾವನ್ನು ಮುಂದಿಟ್ಟು ದ್ರೋಣನನ್ನು ವಂಚಿಸಿದ ಧರ್ಮರಾಯನ ಮಾತಿನ ಕುಲಕ್ಕೆ ಸೇರಿದುದು ಇದೆಂದು ತೋರಬಹುದು. ವ್ಯತ್ಯಾಸವಿರುವುದು ಅರಿವಿನಲ್ಲಿ. ಧರ್ಮರಾಯ ತಿಳಿದು ನುಡಿದ. ರಾಣಿ ತಿಳಿಯದೆ ನುಡಿದಳು. ವಂಚಿಸುವ ಸಂಕಲ್ಪವೇ ಇಲ್ಲದ ವಂಚನೆಯಿದು. ಊರು ಅವಳನ್ನು ದೇವಿಯೆಂದು ಸಾರಿ ಕಾಲಿಗೆರಗುತ್ತದೆ. ನಿಜ ಬಲ್ಲವನು ಅಪ್ಪಣ್ಣನೊಬ್ಬನೇ. ಅವನ ಮಾತನ್ನು ನಂಬುವವರಿಲ್ಲ. ಬೇರೆ ಹೆಣ್ಣಿನ ಮನೆಯಲ್ಲಿ ರಾತ್ರಿ ಕಳೆಯುವ ಅವನಿಂದ ಮಾತ್ರ ಯಾರೂ ಆಣೆ ಕೇಳಿರಲಿಲ್ಲ ಎಂಬುದನ್ನು ಇಲ್ಲಿ ಮರೆಯಲಾಗದು.

5

ಎರಡು ಹುತ್ತಗಳ ಈ ಹೋಲಿಕೆಯಿಂದ ಲೇಖನದ ವಾದಕ್ಕೆ ಒಂದು ತಿದ್ದುಪಡಿ ಅಗತ್ಯವಾಗುತ್ತದೆ. ಸಮುದಾಯ ಒಪ್ಪಿದ ಸುಳ್ಳು ಯಾವಾಗಲೂ ಕೊಲ್ಲುತ್ತದೆ ಎನ್ನುವಂತಿಲ್ಲ. ಒಂದೆಡೆ ಅದು ಬದುಕಿದವಳನ್ನು ಸತ್ತವಳೆಂದಿತು, ಇನ್ನೊಂದೆಡೆ ಬಸಿರಾದ ಹೆಣ್ಣನ್ನು ದೇವಿಯೆಂದಿತು. ಆದರೆ ಎರಡು ತೀರ್ಪುಗಳಲ್ಲಿಯೂ ಆ ಹೆಣ್ಣಿಗೆ ನಿಜವಾಗಿ ಏನಾಯಿತೆಂದು ವಿಚಾರಿಸಿದವರಿಲ್ಲ. ರಾಣಿ ಉಳಿದದ್ದು ಊರಿನ ನ್ಯಾಯಬುದ್ಧಿಯಿಂದಲ್ಲ, ಜನಪದ ಕಥೆಯ ಕರುಣೆಯಿಂದ. ಆ ಕರುಣೆ ಇಲ್ಲದ ವಾಸ್ತವದಲ್ಲಿ ಹುತ್ತಕ್ಕೆ ಕೈಯಿಟ್ಟವಳು ಯಮುನಕ್ಕ. ಜನಪದ ಕಥನ ಮತ್ತು ವಾಸ್ತವವಾದಿ ಕಥನಗಳ ನಡುವಣ ಭೇದ ಇಷ್ಟು ಸ್ಪಷ್ಟವಾಗಿ ಕಾಣುವ ಸ್ಥಳ ನಮ್ಮ ಆಧುನಿಕ ಸಾಹಿತ್ಯ ಮತ್ತು ಸಿನಿಮಾಗಳಲ್ಲಿ ಅಪರೂಪ.

ಧರ್ಮ ಯಾವುದು ಎಂಬ ನಿರ್ಣಯ ಹಿಟ್ಟಿನ ಕೋಳಿ, ಇಲ್ಲದ ಹೆಣ, ಒಡೆದ ಮಡಕೆ ಮತ್ತು ಹಿಡಿದ ಹಾವುಗಳ ಮೂಲಕ ನಡೆಯುತ್ತದೆ. ಈ ನಾಲ್ಕೂ ಸಂಕೇತಗಳು. ಸಂಕೇತವನ್ನು ವಸ್ತುವೆಂದೇ ನಂಬಿದವರಿಂದಲೇ ಕಥೆ ಮುಂದೆ ಸಾಗಿದೆ. ಆದುದರಿಂದ ಸುಳ್ಳಿನ ಕಥೆಗಳನ್ನು ಓದುವಾಗ ತಪ್ಪಿತಸ್ಥರನ್ನು ಹುಡುಕುವ ವಿಮರ್ಶೆ ಕೃತಿಯ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಅಮೃತಮತಿ, ಚಂದ್ರಿ, ಯಮುನಕ್ಕ, ರಾಣಿ - ನಾಲ್ವರೂ ಹೆಣ್ಣುಗಳು, ನಾಲ್ವರೂ ಏನನ್ನೋ ಮುಚ್ಚಿಟ್ಟವರು ಅಥವಾ ಮುಚ್ಚಿಟ್ಟರೆಂದು ಶಂಕೆಗೊಳಗಾದವರು. ಅವರನ್ನು ವಿಚಾರಣೆಗೆ ನಿಲ್ಲಿಸುವುದು ಸುಲಭ. ಕೃತಿಯೊಳಗಿನ ಪಂಚರು ಆ ಕೆಲಸವನ್ನು ಆಗಲೇ ಮಾಡಿದ್ದಾರೆ. ವಿಮರ್ಶೆ ಅದನ್ನೇ ಮತ್ತೆ ಮಾಡಬೇಕಿಲ್ಲ. ಅವರ ಮಾತನ್ನು, ಮೌನವನ್ನು ಕೇಳಿಸಿಕೊಂಡವರು ಯಾರು, ತಮಗೆ ಬೇಕಾದುದನ್ನಷ್ಟೇ ಏಕೆ ಕೇಳಿಸಿಕೊಂಡರು ಎಂದು ಕೇಳಬೇಕಾಗಿದೆ. ಪ್ರಾಚೀನ ಕಾವ್ಯವನ್ನು ಆಧುನಿಕ ಕಾದಂಬರಿ ಮತ್ತು ಸಿನಿಮಾಗಳೊಡನೆ ಒಟ್ಟಿಗೆ ಓದುವುದಕ್ಕೂ ಈ ಪ್ರಶ್ನೆಯೇ ಗಟ್ಟಿಯಾದ ಆಧಾರವಾಗಬಲ್ಲದು.