ಒತ್ತಕ್ಷರ ಒತ್ತುವ ಕಷ್ಟ

ನನ್ನ ದೊಡ್ಡಮ್ಮ ತೀರ್ಥಹಳ್ಳಿ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿಸಿದವರು. ನಾನು ಬೆಂಗಳೂರಿಗೆ ಬಂದ ಹೊಸತರಲ್ಲಿ ತಿಂಗಳಿಗೊಂದು ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದರು. ಅಂಟಿಸುವ ಮಡಿಕೆಯವರೆಗೂ ಒಂದೇ ಅಳತೆಯ ಅಕ್ಷರ. ಈಗ ಅವರ ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆ, ಆದರೆ ಅವರು ನನಗೆ ಬರೆಯುವುದಿಲ್ಲ. ಹೂವಿನ ಚಿತ್ರದ ಶುಭೋದಯಗಳು ಬರುತ್ತವೆ, ಹೆಬ್ಬೆರಳಿನ ಚಿತ್ರ ಬರುತ್ತದೆ. ಯಾಕೆಂದು ಕೇಳಿದ್ದಕ್ಕೆ, “ಅದರಲ್ಲಿ ಎಂತ ಬರೆಯೋದು ಮಾರಾಯ, ಕನ್ನಡ ಬರೀಲಿಕ್ಕೆ ಮೊದಲು ಇಂಗ್ಲಿಷ್ ಒತ್ತಬೇಕಂತೆ” ಎಂದರು.

ಅಂದಿನಿಂದ ನನಗೆ ಕೀಲಿಮಣೆಗಳನ್ನು ಪುಸ್ತಕದ ಹಾಗೆ ಓದುವ ಚಟ ಹತ್ತಿದೆ. ಕವಿತೆಯ ಬಗ್ಗೆ, ಕಾದಂಬರಿಯ ಬಗ್ಗೆ ವಿಮರ್ಶೆ ಬರೆಯುವ ನಾವು, ಅವೆರಡೂ ಈಗ ಹುಟ್ಟುತ್ತಿರುವ ಈ ಅಂಗೈ ಅಗಲದ ಗಾಜಿನ ಬಗ್ಗೆ ಮಾತೇ ಆಡುವುದಿಲ್ಲ. ಅದೂ ಯಾರೋ ಕೂತು ರಚಿಸಿದ್ದೇ. ಅದರಲ್ಲೂ ಒಬ್ಬ ಓದುಗನನ್ನು, ಒಬ್ಬ ಬರಹಗಾರನನ್ನು ಊಹಿಸಿಕೊಂಡಿರುತ್ತಾರೆ.

ಹೆಚ್ಚಿನ ಫೋನುಗಳಲ್ಲಿ ನಮ್ಮವರು ಬಳಸುವುದು ಲಿಪ್ಯಂತರದ ಕೀಲಿಮಣೆ. ಕೆ, ಎ, ಎಲ್, ಎ ಒತ್ತಿದರೆ ಮೇಲೆ ಸಾಲಾಗಿ ಕಲ, ಕಳ, ಕಾಲ, ಕಾಳ, ಕಲಾ ಬಂದು ನಿಲ್ಲುತ್ತವೆ. ಯಾವುದನ್ನು ಹೆಚ್ಚು ಜನ ಬರೆದಿದ್ದಾರೋ ಅದಕ್ಕೆ ಮುಂದಿನ ಜಾಗ. ಲ ಮತ್ತು ಳ, ನ ಮತ್ತು ಣ, ಅಲ್ಪಪ್ರಾಣ ಮತ್ತು ಮಹಾಪ್ರಾಣ ಇವುಗಳ ತೀರ್ಮಾನ ಬರೆಯುವವನ ಬೆರಳಿನಿಂದ ಎಣಿಕೆಗೆ ದಾಟಿಹೋಯಿತು. ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸವೂ ಇಂಗ್ಲಿಷ್ ಗುಂಡಿಗಳ ಮೇಲೆಯೇ ಕೂತಿದೆ, ನಿಜ. ಆದರೆ ಅಲ್ಲಿ ನ ಬೇಕಾದರೆ ಒಂದು ಗುಂಡಿ, ಣ ಬೇಕಾದರೆ ಅದೇ ಗುಂಡಿ ಶಿಫ್ಟಿನೊಂದಿಗೆ. ತಪ್ಪಾದರೆ ತಪ್ಪು ನನ್ನದು. ಲಿಪ್ಯಂತರದಲ್ಲಿ ಆಗುವ ತಪ್ಪು ಯಾರದೆಂದು ಹೇಳುವುದು ಕಷ್ಟ, ಹಾಗಾಗಿ ಯಾರೂ ತಿದ್ದಿಕೊಳ್ಳುವುದಿಲ್ಲ.

ಇದಕ್ಕೆ ಎದುರಾಗಿ ಇಟ್ಟು ನೋಡಬೇಕಾದ್ದು ‘ಸ್ವರಚಕ್ರ’. ಮುಂಬೈ ಐಐಟಿಯ ವಿನ್ಯಾಸ ವಿಭಾಗದಲ್ಲಿ ಅನಿರುದ್ಧ ಜೋಶಿ ಮತ್ತು ಅವರ ತಂಡ 2013ರ ಹೊತ್ತಿಗೆ ಆಂಡ್ರಾಯ್ಡ್ ಫೋನುಗಳಿಗೆ ತಂದ ಕೀಲಿಮಣೆ, ಕನ್ನಡದಲ್ಲೂ ಬಂತು. ಅದರಲ್ಲಿ ವ್ಯಂಜನಗಳು ನಮ್ಮ ವರ್ಣಮಾಲೆಯ ವರ್ಗಗಳನ್ನು ಹಿಡಿದು ಕೂತಿವೆ. ಕ ಮುಟ್ಟಿದರೆ ಬೆರಳಿನ ಸುತ್ತ ಒಂದು ಚಕ್ರ ತೆರೆದುಕೊಂಡು ಕಾ, ಕಿ, ಕೀ, ಕು ಎಲ್ಲ ಕಾಣುತ್ತವೆ. ಬೇಕಾದ ಕಡೆಗೆ ಬೆರಳು ಜಾರಿಸಿ ಬಿಟ್ಟರಾಯಿತು. ದೊಡ್ಡಮ್ಮನಿಗೆ ತೋರಿಸಿದಾಗ ಅವರು ವಿವರಣೆಯನ್ನೇ ಕೇಳಲಿಲ್ಲ. “ಇದು ಕಾಗುಣಿತವೇ ಅಲ್ಲವಾ!” ಎಂದು ಗ, ಜ, ಡ ಎಂದು ಒಂದೊಂದೇ ಮುಟ್ಟಿ ಚಕ್ರ ಬಿಚ್ಚಿ ನೋಡುತ್ತ ಕೂತರು. ಒಂದು ವಿನ್ಯಾಸ ತನ್ನ ಬಳಕೆದಾರರಿಗೆ ಮೊದಲೇ ಗೊತ್ತಿರುವುದನ್ನು ಗೌರವಿಸಿದರೆ ಹೇಗಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಮಿತಿಯೂ ಇದೆ. ಸುತ್ತಲೂ ತೆರೆದುಕೊಳ್ಳುವ ಯಾವ ಪಟ್ಟಿಯಾದರೂ ಅರ್ಧ ಬೆರಳಿನ ಅಡಿಗೇ ಹೋಗುತ್ತದೆ, ಮತ್ತು ಇಂಗ್ಲಿಷ್ ಗುಂಡಿಗಳ ಮೇಲೆ ಓಡಿ ಅಭ್ಯಾಸವಾದ ಹೆಬ್ಬೆರಳು ಪ್ರತಿ ಅಕ್ಷರಕ್ಕೂ ನಿಂತು ನೋಡುವುದನ್ನು ಸಹಿಸುವುದಿಲ್ಲ. ನನ್ನ ಹೆಬ್ಬೆರಳೂ ಸಹಿಸಲಿಲ್ಲ, ಒಪ್ಪಿಕೊಳ್ಳುತ್ತೇನೆ.

ನನ್ನ ತಕರಾರು ಹೆಚ್ಚಾಗಿ ಇರುವುದು ಈ ‘ಓಡುವುದನ್ನು’ ಅಳೆಯುವ ಬಗೆಯ ಮೇಲೆ. ಕೀಲಿಮಣೆಗಳನ್ನು ಅಧ್ಯಯನ ಮಾಡುವವರು ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸುತ್ತಾರೆ. ಟೈಪ್‌ರೈಟರ್ ಕಾಲದಿಂದ ಬಂದ ಲೆಕ್ಕದಲ್ಲಿ ಒಂದು ಪದವೆಂದರೆ, ನಡುವಿನ ಖಾಲಿ ಜಾಗವೂ ಸೇರಿ, ಐದು ಚಿಹ್ನೆ. ಈಗ ‘ಸ್ತ್ರೀ’ ಬರೆಯಿರಿ. ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ. ಯೂನಿಕೋಡಿನಲ್ಲಿ ಸ, ವಿರಾಮ, ತ, ವಿರಾಮ, ರ, ಈಕಾರ ಸೇರಿ ಆರು. ಅಂದರೆ ಆ ಲೆಕ್ಕದ ಪ್ರಕಾರ ನಮ್ಮ ಒಂದು ಅಕ್ಷರ ಅವರ ಒಂದು ಪದಕ್ಕಿಂತ ಉದ್ದ! ‘ರಾಷ್ಟ್ರ’ ಎರಡೇ ಅಕ್ಷರ, ಚಿಹ್ನೆ ಏಳು. ಯಾವುದನ್ನು ಎಣಿಸಬೇಕು ಎಂದು ನಿರ್ಧರಿಸುವುದರಲ್ಲೇ ಅರ್ಧ ಫಲಿತಾಂಶ ಬಂದುಬಿಡುತ್ತದೆ.

ಇನ್ನು ಬರೆಸುವುದೇನನ್ನು? ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಮೆಕೆಂಜಿ ಮತ್ತು ಸೌಕೊರೆಫ್ 2003ರಲ್ಲಿ 500 ಪುಟ್ಟ ಇಂಗ್ಲಿಷ್ ವಾಕ್ಯಗಳ ಒಂದು ಕಂತೆ ಪ್ರಕಟಿಸಿದರು. ಪ್ರಯೋಗಕ್ಕೆ ಬಂದವರು ಅಂಥ ವಾಕ್ಯಗಳನ್ನು ನೋಡಿ ನಕಲು ಮಾಡಬೇಕು. ಎಲ್ಲರೂ ಒಂದೇ ಬಗೆಯದನ್ನು ಬರೆಯದಿದ್ದರೆ ಹೋಲಿಸುವುದು ಹೇಗೆ ಎಂಬ ಅವರ ವಾದ ಸರಿಯೇ. ಆದರೆ ದೊಡ್ಡಮ್ಮ ನಕಲು ಮಾಡುವುದಿಲ್ಲ. “ಅಡಿಕೆ ಕೊಯ್ಲು ಮುಗೀತು” ಎಂದು ಬರೆದು, ಸ್ವಲ್ಪ ಹೊತ್ತು ಅಂಗಳ ನೋಡಿ, ಆಮೇಲೆ ಮುಂದಿನ ಸಾಲು ಬರೆಯುತ್ತಾರೆ. ಅಂಗಳ ನೋಡಿದ ಹೊತ್ತು ಗಡಿಯಾರದಲ್ಲಿ ಬರೀ ನಿಧಾನ.

ಅಳಿಸುವುದನ್ನೂ ನೋಡಬೇಕು. ‘ಸ್ತ್ರೀ’ ತಪ್ಪಾಯಿತೆಂದು ಬ್ಯಾಕ್‌ಸ್ಪೇಸ್ ಒತ್ತಿದರೆ ಸ್ತ್ರ, ಸ್ತ್, ಸ್ತ, ಸ್, ಸ ಎಂದು ಒಂದೊಂದೇ ಮೆಟ್ಟಿಲು ಇಳಿದು ಆರನೆಯ ಸಲಕ್ಕೆ ಖಾಲಿ. ಕಾಗದದಲ್ಲಾದರೆ ಒಂದು ಗೀಟು. ‘ರ‍್ಯಾಂಕ್’ ಎಂದು ಬರೆಯಲು ರ ಮತ್ತು ವಿರಾಮದ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಬೇಕು. ಎಷ್ಟೋ ಕೀಲಿಮಣೆಗಳಲ್ಲಿ ಅದು ಎಲ್ಲಿದೆಯೆಂದು ಹುಡುಕುವುದಕ್ಕಿಂತ ‘ರ್ಯಾಂಕ್’ ಎಂದು ಅರ್ಕಾವತ್ತಿಗೇ ಒಪ್ಪಿಕೊಳ್ಳುವುದು ಸುಲಭ. ಹೀಗೆ ಒಪ್ಪಿಕೊಂಡದ್ದೇ ನಾಳೆ ರೂಢಿಯಾಗುತ್ತದೆ.

ದೊಡ್ಡಮ್ಮನ ಮೊಮ್ಮಗ ಆಮೇಲೆ ಬೇರೆ ಫೋನ್ ತಂದುಕೊಟ್ಟ, ಮಾತಾಡಿದರೆ ಅದೇ ಬರೆದುಕೊಳ್ಳುವಂಥದ್ದು. ಎರಡು ವಾರ ಉದ್ದುದ್ದ ಸಂದೇಶಗಳು ಬಂದವು. ಅವರ ‘ಎಂತ’ ಎಲ್ಲ ಕಡೆ ‘ಏನು’ ಆಗಿತ್ತು, ‘ಬರೀಲಿಕ್ಕೆ’ ಹೋಗಿ ‘ಬರೆಯಲು’ ಬಂದಿತ್ತು. ಯಾರೋ ಆಕಾಶವಾಣಿಯವರು ಪತ್ರ ಬರೆದ ಹಾಗೆ. ನಾನು ಹೇಳಿದಾಗ ಅವರು ನಕ್ಕರು: “ನಾನು ಮಕ್ಕಳಿಗೆ ತಿದ್ದಿದ್ದೂ ಹೀಗೇ ಅಲ್ಲವಾ?” ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹೋದ ವಾರ ಅವರಿಂದ ಒಂದು ಚಿತ್ರ ಬಂತು. ಗೆರೆ ಹಾಕಿದ ಹಾಳೆಯಲ್ಲಿ ಕೈಯಾರೆ ಬರೆದ ಪತ್ರದ ಫೋಟೋ, ಒಂದು ಮೂಲೆಯಲ್ಲಿ ಅವರ ಬೆರಳಿನ ನೆರಳು. ಹಿಗ್ಗಿಸಿ ಹಿಗ್ಗಿಸಿ ಓದಿದೆ. ಕೊನೆಯಲ್ಲಿ “ನೀನೂ ಹೀಗೇ ಬರೆದು ಕಳಿಸು, ಒತ್ತಿ ಕಳಿಸಬೇಡ” ಎಂದಿತ್ತು. ಹಾಳೆ ಸಿಕ್ಕಿತು. ಮನೆಯಲ್ಲಿದ್ದ ಮೂರು ಪೆನ್ನುಗಳಲ್ಲಿ ಒಂದೂ ಬರೆಯಲಿಲ್ಲ.