ಸಿಂಗಲ್ ಕಾಲಂ ಸುದ್ದಿಗೊಂದು ಟೀಕು

ಹಳಗನ್ನಡ ಕಾವ್ಯಕ್ಕೆ ಟೀಕು ಬರೆದವರಿದ್ದಾರೆ, ಶಾಸನಕ್ಕೆ ಬರೆದವರಿದ್ದಾರೆ. ನಾನು ಬರೆಯಹೊರಟಿರುವುದು ನಾನೇ ಬರೆದು ಬರೆದು ಸವೆಸಿದ ಒಂದು ಗದ್ಯಕ್ಕೆ. ಶಿರಾ ತಾಲ್ಲೂಕಿನಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಡೆಸ್ಕಿಗೆ ಸುದ್ದಿ ಕಳಿಸಿದವನು ನಾನು. ಅದರಲ್ಲಿ ಇದರಷ್ಟು ಸಲ ಬೇರಾವ ಸುದ್ದಿಯೂ ಹೋಗಿಲ್ಲ. ಹೆಸರು, ವಯಸ್ಸು, ಊರು ಬದಲಾಗುತ್ತಿದ್ದವು, ಮಿಕ್ಕಿದ್ದೆಲ್ಲ ಅಚ್ಚು. ಕೆಳಗಿರುವುದು ಯಾವುದೇ ಒಂದು ದಿನದ ಸುದ್ದಿಯಲ್ಲ, ಆ ಅಚ್ಚು.

ಶಿರಾ: ತಾಲ್ಲೂಕಿನ ಗೇಟ್ ಬಳಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ
ಸೋಮವಾರ ಸಂಜೆ 7 ಗಂಟೆ ಸುಮಾರಿಗೆ
ಅತಿವೇಗ ಮತ್ತು ಅಜಾಗರೂಕತೆಯಿಂದ ಬಂದ
ಲಾರಿ ಬೈಕಿಗೆ ಡಿಕ್ಕಿ ಹೊಡೆದ ಪರಿಣಾಮ
ಸವಾರ ಸ್ಥಳದಲ್ಲೇ ಮೃತಪಟ್ಟಿದ್ದಾನೆ.
ಹಿಂಬದಿ ಸವಾರನನ್ನು ಹೆಚ್ಚಿನ ಚಿಕಿತ್ಸೆಗಾಗಿ ಬೆಂಗಳೂರಿಗೆ ಕರೆದೊಯ್ಯಲಾಗಿದೆ.
ಚಾಲಕ ಪರಾರಿಯಾಗಿದ್ದು, ಪ್ರಕರಣ ದಾಖಲಾಗಿದೆ.

‘ಗೇಟ್ ಬಳಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ’

ಗೇಟ್ ಅಂದರೆ ನಮ್ಮ ಕಡೆ ಬಾಗಿಲಲ್ಲ. ಹೆದ್ದಾರಿಯಿಂದ ಹಳ್ಳಿಗೆ ದಾರಿ ಒಡೆಯುವ ಜಾಗ. ಊರು ಒಳಗೆಲ್ಲೋ ಒಂದೆರಡು ಕಿಲೋಮೀಟರ್ ದೂರದಲ್ಲಿರುತ್ತದೆ. ಗೇಟಿನಲ್ಲಿ ಇರುವುದು ಒಂದು ಸ್ವಾಗತ ಕಮಾನು, ಒಂದು ಹುಣಸೆಮರ, ಟೀ ಅಂಗಡಿ, ಪಂಕ್ಚರ್ ಅಂಗಡಿ, ಚೀಲ ಇಟ್ಟುಕೊಂಡು ಬಸ್ಸಿಗೆ ಕಾಯುವ ನಾಲ್ಕು ಜನ. ಹೊರಗಿನ ಓದುಗನಿಗೆ ಇದು ಬರೀ ವಿಳಾಸ. ನನ್ನ ಲೆಕ್ಕದಲ್ಲಿ ಇಡೀ ಸುದ್ದಿಯ ಕಾರಣ ಈ ಒಂದು ಪದದಲ್ಲೇ ಇದೆ.

ಹೆದ್ದಾರಿ 48 ದೆಹಲಿಯಿಂದ ಚೆನ್ನೈಗೆ ಹೋಗುವ ರಸ್ತೆ. ನಮ್ಮವರ ಬಾಯಲ್ಲಿ ಇನ್ನೂ ‘ಎನ್‌ಎಚ್ ಫೋರ್’. ಪುಣೆಯಲ್ಲಿ ಲೋಡ್ ಮಾಡಿಕೊಂಡು ಬೆಂಗಳೂರಿನ ಕಡೆ ಹೊರಟ ಲಾರಿಗೆ ಶಿರಾ ಒಂದು ಬೋರ್ಡು, ಅಷ್ಟೆ. ಗೇಟಿನಲ್ಲಿ ನಿಂತ ಹೆಂಗಸಿಗೆ ಅದೇ ರಸ್ತೆ ಆಚೆ ಹೊಲಕ್ಕೂ ಈಚೆ ಮನೆಗೂ ನಡುವೆ ಬಿದ್ದಿರುವ ಒಂದು ಹೊಳೆ. ಡಿವೈಡರ್ ಕಟ್ಟಿದ ಮೇಲೆ ಹೊಳೆಗೆ ದಡವೂ ಬಂತು. ತಿರುಗುವ ಜಾಗ ದೂರ, ಪೆಟ್ರೋಲು ದುಬಾರಿ. ಹಾಗಾಗಿ ಬೈಕಿನವನು ಎದುರು ದಿಕ್ಕಿನಲ್ಲೇ ಅಂಚು ಹಿಡಿದು ಬರುತ್ತಾನೆ. ‘ರಾಂಗ್ ಸೈಡಲ್ಲಿ ಬಂದ’ ಎಂದು ಬೈಯುವುದು ಸುಲಭ. ಅವನಿಗೆ ರೈಟ್ ಸೈಡ್ ಎಂದು ಕೊಟ್ಟಿರುವುದು ನಾಲ್ಕು ಕಿಲೋಮೀಟರ್ ಸುತ್ತು.

ದೇಶದ ರಸ್ತೆಗಳನ್ನೆಲ್ಲ ಅಳೆದರೆ ರಾಷ್ಟ್ರೀಯ ಹೆದ್ದಾರಿ ನೂರಕ್ಕೆ ಸುಮಾರು 2 ಪಾಲು. 2022ರಲ್ಲಿ ರಸ್ತೆಯಲ್ಲಿ ಸತ್ತ 1,68,491 ಜನರಲ್ಲಿ ನೂರಕ್ಕೆ 36 ಮಂದಿ ಸತ್ತಿದ್ದು ಆ ಎರಡು ಪಾಲಿನಲ್ಲಿ. ಅದೇ ವರ್ಷ ಆಗಸ್ಟ್ 25ರ ಬೆಳಗಿನ ಜಾವ ನಮ್ಮ ತಾಲ್ಲೂಕಿನ ಕಳ್ಳಂಬೆಳ್ಳದ ಹತ್ತಿರ ಕ್ರೂಸರ್ ಮತ್ತು ಲಾರಿ ಡಿಕ್ಕಿಯಾಗಿ 9 ಮಂದಿ ತೀರಿಕೊಂಡರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ಜನ. ಅವತ್ತು ದೆಹಲಿಯ ಚಾನೆಲ್‌ಗಳೂ ಶಿರಾ ಎಂದವು. ಒಂಬತ್ತು ಜನ ಒಟ್ಟಿಗೆ ಸತ್ತರೆ ಮುಖಪುಟ. ಒಬ್ಬೊಬ್ಬರಾಗಿ ಒಂಬತ್ತು ವಾರ ಸತ್ತರೆ ಒಂಬತ್ತು ಸಿಂಗಲ್ ಕಾಲಂ. ಕರ್ನಾಟಕದಲ್ಲಿ 2021ರಲ್ಲಿ 10,038, 2022ರಲ್ಲಿ 11,702, 2023ರಲ್ಲಿ 12,321 ಜನ ಹೋದರು. ಹೆಚ್ಚಿನವರು ಹೋಗಿದ್ದು ಸಿಂಗಲ್ ಕಾಲಂನಲ್ಲೇ.

‘ಸಂಜೆ 7 ಗಂಟೆ ಸುಮಾರಿಗೆ’

ಸುಮಾರಿಗೆ ಎಂಬುದು ಪೊಲೀಸರಿಗೂ ವರದಿಗಾರನಿಗೂ ಅನುಕೂಲದ ಪದ, ಅದರ ತಂಟೆಗೆ ಹೋಗುವುದಿಲ್ಲ. ಏಳು ಗಂಟೆ ಮಾತ್ರ ಸುಮ್ಮನೆ ಬಿದ್ದ ಅಂಕಿಯಲ್ಲ. ದೇಶದ ಲೆಕ್ಕದಲ್ಲೂ ಸಂಜೆ 6ರಿಂದ 9ರ ನಡುವೆಯೇ ಅಪಘಾತ ಹೆಚ್ಚು, ಸುಮಾರು ಐದರಲ್ಲೊಂದು. ಪೇಟೆಯ ಕೆಲಸ ಮುಗಿಸಿ ಊರಿಗೆ ಹೋಗುವ ಹೊತ್ತು. ಬೆಳಕು ಪೂರ್ತಿ ಹೋಗಿರುವುದಿಲ್ಲ, ಲೈಟ್ ಹಾಕಿದರೂ ಏನೂ ಕಾಣುವುದಿಲ್ಲ. ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದೆ ಕೆಂಪು ದೀಪ ಇರುವುದಿಲ್ಲ. ಇದ್ದರೂ ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತದೆ.

ಡಿಸೆಂಬರ್, ಜನವರಿಯಲ್ಲಿ ಒಳರಸ್ತೆಗಳದ್ದು ಇನ್ನೊಂದು ಕಥೆ. ಕಣ ಮಾಡುವವರಿಲ್ಲ, ರೋಣಗಲ್ಲು ಮೂಲೆ ಸೇರಿದೆ, ಟಾರು ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಬಳ್ಳಿ ಅರ್ಧ ರಸ್ತೆಗೆ ಹರಡಿರುತ್ತಾರೆ, ಮೇಲೆ ಹಾದುಹೋಗುವ ಗಾಡಿಗಳೇ ಒಕ್ಕಬೇಕು. ಬೈಕಿನ ಚಕ್ರ ಅದರ ಮೇಲೆ ಬ್ರೇಕ್ ಹಿಡಿದರೆ ಎಣ್ಣೆ ಮೇಲೆ ಹಿಡಿದಂತೆ. ಕಾರಿನ ಅಡಿಗೆ ಹುರುಳಿ ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಉಂಟು. ರಾಶಿಯ ಅಂಚಿಗೆ ಸಾಲಾಗಿ ದಪ್ಪ ಕಲ್ಲು ಜೋಡಿಸಿರುತ್ತಾರೆ, ಗಾಡಿಗಳು ತೀರಾ ಪಕ್ಕಕ್ಕೆ ಹೋಗಿಬಿಡದಿರಲಿ ಎಂದು. ಸಂಜೆ ರಾಗಿ ಬಾಚಿಕೊಂಡು ಹೋಗುತ್ತಾರೆ, ಕಲ್ಲು ಅಲ್ಲೇ ಇರುತ್ತದೆ. ಏಳು ಗಂಟೆಗೂ ಇರುತ್ತದೆ.

‘ಅತಿವೇಗ ಮತ್ತು ಅಜಾಗರೂಕತೆಯಿಂದ ಬಂದ’

ಇಲ್ಲಿ ಸ್ವಲ್ಪ ಕೂರಬೇಕು. ಈ ಸಾಲನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ಆ ಲಾರಿ ಬರುವುದನ್ನು ನೋಡಿಲ್ಲ. ದೂರು ಕೊಟ್ಟವನೂ ಬಹಳಷ್ಟು ಸಲ ನೋಡಿರುವುದಿಲ್ಲ. ಅವನು ಸತ್ತವನ ಅಣ್ಣನೋ ಮಾವನೋ ಆಗಿರುತ್ತಾನೆ, ಫೋನ್ ಬಂದ ಮೇಲೆ ಓಡಿಬಂದವನು. ಹಾಗಾದರೆ ಇದು ಯಾರ ಮಾತು?

ಇದು ಕಾನೂನಿನ ಮಾತು. ಹಳೆಯ ಐಪಿಸಿ 279, 304ಎ, ಈಗ 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 281, 106. ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಓಡಿಸಿದ ಎಂದಿದ್ದರೆ ಮಾತ್ರ ಸೆಕ್ಷನ್ ನಿಲ್ಲುತ್ತದೆ. ಆದ್ದರಿಂದ ಠಾಣೆಯಲ್ಲಿ ದೂರು ಬರೆಯುವವರ ಪೆನ್ನಿಗೆ ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು’ ಎಂಬುದು ಒಂದೇ ಉಸಿರಿನಲ್ಲಿ ಬರುತ್ತದೆ, ಸತ್ಯನಾರಾಯಣ ಪೂಜೆಯ ಸಂಕಲ್ಪದ ಹಾಗೆ. ನಾನು ಎಫ್‌ಐಆರ್ ನೋಡಿ ಸುದ್ದಿ ಬರೆದೆ. ಅದೇ ಠಾಣೆಯ ಕಾಗದ ಜಿಲ್ಲೆಗೆ, ರಾಜ್ಯಕ್ಕೆ, ದೆಹಲಿಗೆ ಹೋಯಿತು. ಮುಂದಿನ ವರ್ಷ ರಸ್ತೆ ಸಾರಿಗೆ ಸಚಿವಾಲಯದ ವರದಿ ಬಂತು: 2022ರ ಅಪಘಾತಗಳಲ್ಲಿ ನೂರಕ್ಕೆ 72ಕ್ಕೆ ಅತಿವೇಗ ಕಾರಣ. ಆ ವರದಿಯನ್ನೂ ನಾನೇ ಸುದ್ದಿ ಮಾಡಿದೆ. ನಮ್ಮೂರಿನ ಬಾವಿಗೆ ನಾನೇ ಸುರಿದ ಕೊಡ ನೀರನ್ನು ಮತ್ತೆ ಸೇದಿ ‘ನೋಡಿ, ಬಾವಿಯಲ್ಲಿ ನೀರಿದೆ’ ಎಂದ ಹಾಗಾಯಿತು.

ವೇಗ ಸುಳ್ಳೆಂದು ಹೇಳುತ್ತಿಲ್ಲ. ರಸ್ತೆ ಎಂಜಿನಿಯರುಗಳ ಕೈಪಿಡಿಯ ಲೆಕ್ಕ ಒಂದಿದೆ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಏನೋ ಕಂಡು ಬ್ರೇಕ್ ಒತ್ತಿ ನಿಲ್ಲಲು 60 ಮೀಟರ್ ಮುಂದೆ ಕಾಣಬೇಕು, 80ಕ್ಕೆ 120 ಮೀಟರ್, 100ಕ್ಕೆ 180 ಮೀಟರ್. ವೇಗ ಇಮ್ಮಡಿಯಾದರೆ ದೂರ ಮೂರು ಪಾಲು. ಡಿಮ್ ಲೈಟಿನಲ್ಲಿ 180 ಮೀಟರ್ ಆಚೆಯ ಮನುಷ್ಯ ಕಾಣುತ್ತಾನೆಯೇ? ಕಾಣುವುದಿಲ್ಲ. ನೂರರಲ್ಲಿ ಓಡಿಸಲೆಂದೇ ಕಟ್ಟಿದ ರಸ್ತೆಯ ಮೇಲೆ ದೀಪವಿಲ್ಲದ ಒಂದು ಗೇಟನ್ನು ಬಿಟ್ಟವರು ಯಾರು ಎಂಬುದು ಮುಂದಿನ ಪ್ರಶ್ನೆ. ಆ ಪ್ರಶ್ನೆಗೂ ಕಾನೂನಿನಲ್ಲಿ ಜಾಗವಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಕಲಂ ಸೇರಿತು. ರಸ್ತೆಯ ವಿನ್ಯಾಸ, ನಿರ್ವಹಣೆಯಲ್ಲಿ ಲೋಪವಾಗಿ ಸಾವು ಸಂಭವಿಸಿದರೆ ಹೊಣೆಗಾರರಿಗೆ, ಗುತ್ತಿಗೆದಾರರಿಗೆ ಒಂದು ಲಕ್ಷದವರೆಗೆ ದಂಡ. ಅದರಡಿ ಒಂದು ಸುದ್ದಿಯನ್ನೂ ನಾನು ಬರೆದ ನೆನಪಿಲ್ಲ.

ಒಮ್ಮೆ ಬರೆದು ನೋಡಿದೆ. ‘ಡಿವೈಡರ್ ಒಡೆದು ದಾರಿ ಮಾಡಿಕೊಂಡಿದ್ದ, ಬೀದಿದೀಪವಿಲ್ಲದ ಜಾಗದಲ್ಲಿ’ ಎಂದು ಐದಾರು ಪದ ಜಾಸ್ತಿ ಸೇರಿಸಿ ಕಳಿಸಿದೆ. ಬೆಳಗ್ಗೆ ಪೇಪರಿನಲ್ಲಿ ಆ ಪದಗಳಿರಲಿಲ್ಲ. ಡೆಸ್ಕಿನ ಹುಡುಗನನ್ನು ಕೇಳಿದರೆ, ‘ಸಾರ್, ಜಾಗ ಸಾಲಲಿಲ್ಲ, ಅತಿವೇಗ ಅಂತ ಇತ್ತಲ್ಲ’ ಅಂದ.

‘ಲಾರಿ ಬೈಕಿಗೆ ಡಿಕ್ಕಿ ಹೊಡೆದ ಪರಿಣಾಮ’

ದೊಡ್ಡ ಗಾಡಿ ಕರ್ತೃ, ಚಿಕ್ಕದು ಕರ್ಮ. ಇದು ನಮ್ಮ ವ್ಯಾಕರಣ. ತಿರುಗಿಸಿದರೆ ‘ನಿಂತಿದ್ದ ಲಾರಿಗೆ ಹಿಂಬದಿಯಿಂದ ಬೈಕ್ ಡಿಕ್ಕಿ’ ಆಗುತ್ತದೆ. ಆಗ ಲಾರಿ ಯಾಕೆ ಅಲ್ಲಿ ನಿಂತಿತ್ತು ಎಂದು ಯಾರೂ ಕೇಳುವುದಿಲ್ಲ. ಆಕ್ಸಲ್ ಮುರಿದ ಲಾರಿಯ ಡ್ರೈವರ್ ಹಿಂದೆ ಹತ್ತು ಹೆಜ್ಜೆಗೆ ನಾಲ್ಕು ಕಲ್ಲಿಟ್ಟು, ಒಂದು ಹೊಂಗೆ ಕೊಂಬೆ ಸಿಕ್ಕಿಸಿರುತ್ತಾನೆ. ಅದೇ ಅವನ ಇಂಡಿಕೇಟರ್. ಮೆಕ್ಯಾನಿಕ್ ಬಂದು ರಿಪೇರಿ ಆದಮೇಲೆ ಲಾರಿ ಹೊರಡುತ್ತದೆ. ಕೊಂಬೆ ಬಾಡುತ್ತದೆ, ಕಲ್ಲು ಲೇನಿನ ನಡುವೆ ಉಳಿಯುತ್ತದೆ.

‘ಸವಾರ ಸ್ಥಳದಲ್ಲೇ ಮೃತಪಟ್ಟಿದ್ದಾನೆ’

ತಲೆಗೆ ಪೆಟ್ಟು ಎಂದೇ ಅರ್ಥ. 2022ರಲ್ಲಿ ಸತ್ತವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರದವರು. ಹೆಲ್ಮೆಟ್ ಇಲ್ಲದೆ ಸತ್ತವರೆಂದು ದಾಖಲಾದವರು 50,029, ಅದರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಹಿಂದೆ ಕೂತವರು. ಹಿಂಬದಿ ಸವಾರರಿಗೂ ಹೆಲ್ಮೆಟ್ ಎಂದು ನಮ್ಮ ರಾಜ್ಯ 2016ರಲ್ಲೇ ಹೇಳಿತು. ದಂಡ ಸಾವಿರ ಇದ್ದದ್ದು 2019ರಲ್ಲಿ ಇಲ್ಲಿ ಐನೂರಕ್ಕೆ ಇಳಿಯಿತು. ಸಣ್ಣ ಊರಿನಲ್ಲಿ ಹೆಲ್ಮೆಟ್ಟಿನ ಜಾಗ ತಲೆಯಲ್ಲ, ಕನ್ನಡಿ. ಎಡಗಡೆ ಕನ್ನಡಿಗೆ ನೇತುಹಾಕಿರುತ್ತಾರೆ, ಪೊಲೀಸರು ಕಂಡರೆ ಒಂದೇ ಕೈಯಲ್ಲಿ ತಲೆಗೆ ಏರಿಸುತ್ತಾರೆ. ಅದೂ ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುವ ಅರ್ಧ ಟೋಪಿ, ಪಟ್ಟಿ ಕಿತ್ತಿರುತ್ತದೆ. ‘ಇಲ್ಲೇ ಟೌನಿಗೆ ಸಾರ್’ ಅನ್ನುತ್ತಾರೆ. ಟೌನಿಗೆ ಹೋಗಬೇಕಾದರೂ ಹೆದ್ದಾರಿ ದಾಟಲೇಬೇಕಲ್ಲ.

‘ಸ್ಥಳದಲ್ಲೇ’ ಎಂಬುದರ ಬಗ್ಗೆಯೂ ನನಗೆ ಅನುಮಾನ. ವೈದ್ಯರು ನೋಡುವ ಮೊದಲು ಸತ್ತವರೆಲ್ಲ ನಮ್ಮ ಭಾಷೆಯಲ್ಲಿ ಸ್ಥಳದಲ್ಲೇ ಸತ್ತವರು. ಇಪ್ಪತ್ತು ನಿಮಿಷ ಉಸಿರಾಡುತ್ತಾ ಬಿದ್ದಿದ್ದವರೂ ಅದರಲ್ಲಿ ಸೇರಿಹೋಗಿದ್ದಾರೆ.

‘ಹೆಚ್ಚಿನ ಚಿಕಿತ್ಸೆಗಾಗಿ ಬೆಂಗಳೂರಿಗೆ’

ಇದು ಒಂದು ಪ್ರಯಾಣದ ಹೆಸರು. ಮೊದಲು ತಾಲ್ಲೂಕು ಆಸ್ಪತ್ರೆ. ಅಲ್ಲಿ ಡ್ರಿಪ್ಪು, ಬ್ಯಾಂಡೇಜು, ‘ತುಮಕೂರಿಗೆ ತಗೊಂಡು ಹೋಗಿ’ ಎಂಬ ಚೀಟಿ. ಐವತ್ತು ಕಿಲೋಮೀಟರ್. ಅಲ್ಲಿ ಸ್ಕ್ಯಾನ್, ‘ನಿಮ್ಹಾನ್ಸ್‌ಗೆ ಬರೆದುಕೊಟ್ಟಿದ್ದೀವಿ’. ಇನ್ನೊಂದು ಎಪ್ಪತ್ತು. ಮೊದಲ ಒಂದು ಗಂಟೆಯನ್ನು ಸುವರ್ಣ ಗಂಟೆ ಎನ್ನುತ್ತಾರೆ. ನಮ್ಮ ಕಡೆ ಆ ಚಿನ್ನವೆಲ್ಲ ಆಂಬ್ಯುಲೆನ್ಸಿನಲ್ಲೇ ಕರಗುತ್ತದೆ.

2016ರಲ್ಲಿ ಇದೇ ಹೆದ್ದಾರಿಯಲ್ಲಿ, ನೆಲಮಂಗಲದ ಹತ್ತಿರ, ಹರೀಶ್ ಎಂಬ ಯುವಕ ಲಾರಿಯಡಿ ಸಿಕ್ಕಿ ಸಾಯುವಾಗ ಕಣ್ಣು ದಾನ ಮಾಡಿ ಎಂದು ಕೇಳಿಕೊಂಡದ್ದು ಎಲ್ಲರಿಗೂ ನೆನಪಿದೆ. ಸರ್ಕಾರ ಅವನ ಹೆಸರಿನಲ್ಲೇ ಸಾಂತ್ವನ ಹರೀಶ್ ಯೋಜನೆ ತಂದು ಮೊದಲ 48 ಗಂಟೆಯ ಚಿಕಿತ್ಸೆಗೆ 25 ಸಾವಿರದವರೆಗೆ ಕೊಡುತ್ತೇನೆಂದಿತು. 2025ರ ಮೇನಲ್ಲಿ ಕೇಂದ್ರದ ಯೋಜನೆಯೂ ಬಂತು: ನಗದಿಲ್ಲದೆ ಒಂದೂವರೆ ಲಕ್ಷದವರೆಗೆ, ಏಳು ದಿನ. ದುಡ್ಡಿನ ದಾರಿ ಸುಗಮವಾಗಿದೆ. ತಲೆ ಆಪರೇಷನ್ ಮಾಡುವವರು ಮಾತ್ರ ಇನ್ನೂ ನೂರಿಪ್ಪತ್ತು ಕಿಲೋಮೀಟರ್ ಆಚೆಯೇ ಇದ್ದಾರೆ.

‘ಚಾಲಕ ಪರಾರಿಯಾಗಿದ್ದು’

ಓಡದೆ ಏನು ಮಾಡುತ್ತಾನೆ? ಗಾಯಾಳುವಿಗೆ ನೆರವಾಗುವುದು ಚಾಲಕನ ಕರ್ತವ್ಯ ಎನ್ನುವ ಮೋಟಾರು ವಾಹನ ಕಾಯ್ದೆಯ 134ನೇ ಕಲಮೇ, ಜನರ ಗುಂಪಿನ ಆಕ್ರೋಶದಿಂದ ಅದು ಸಾಧ್ಯವಾಗದಿದ್ದರೆ ವಿನಾಯಿತಿ ಎಂದೂ ಹೇಳುತ್ತದೆ. ಕಾನೂನಿಗೂ ನಮ್ಮ ಗೇಟಿನ ಜನ ಗೊತ್ತು. ಓಡಿದರೆ ಹತ್ತು ವರ್ಷದವರೆಗೆ ಜೈಲು ಎಂಬ ಹೊಸ ಕಲಂ ವಿರುದ್ಧ 2024ರ ಜನವರಿಯಲ್ಲಿ ಲಾರಿಯವರು ಮುಷ್ಕರ ಹೂಡಿದರು. ನ್ಯಾಯ ಸಂಹಿತೆ ಜಾರಿಗೆ ಬಂದಾಗ ಆ ಕಲಂ, 106(2), ಒಂದನ್ನು ಹೊರಗಿಟ್ಟರು. ಬಹುತೇಕ ಚಾಲಕರು ಮಾರನೆಯ ದಿನ ಮಾಲೀಕನ ಜೊತೆ ಠಾಣೆಗೆ ಬಂದು ಕೂರುತ್ತಾರೆ. ಅದು ಸುದ್ದಿಯಾಗುವುದಿಲ್ಲ.

‘ಪ್ರಕರಣ ದಾಖಲಾಗಿದೆ’

ದಾಖಲಾಗುತ್ತದೆ, ಅದರಲ್ಲಿ ಸುಳ್ಳಿಲ್ಲ. ಈಗ ಮೊಬೈಲ್ ಆ್ಯಪಿನಲ್ಲೂ ಜಾಗ ಗುರುತಿಸಿ ಫೋಟೋ ಹಾಕುತ್ತಾರೆ. ಐನೂರು ಮೀಟರ್ ಒಳಗೆ ಮೂರು ವರ್ಷದಲ್ಲಿ ಹತ್ತು ಸಾವು, ಇಲ್ಲವೇ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ ಆದರೆ ಅದು ಬ್ಲ್ಯಾಕ್ ಸ್ಪಾಟ್. ನಾಲ್ಕಾದರೆ? ಕಾಯಬೇಕು. ಊರಿನವರು ಕಾಯುವುದಿಲ್ಲ, ರಸ್ತೆ ತಡೆದು ಕೂರುತ್ತಾರೆ. ಮುಂದಿನ ವಾರ ಒಳರಸ್ತೆಯ ಬಾಯಿಗೆ ಒಂದು ಹಂಪು ಏಳುತ್ತದೆ. ನಿಯಮದ ಹಂಪು 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ಆಮೆಯ ಬೆನ್ನಿನ ಹಾಗೆ. ನಮ್ಮದು ಗೇಣಗಲದ ಗೋಡೆ, ಬಣ್ಣವಿಲ್ಲ. ಮುಂದಿನ ಸುದ್ದಿ ಅಲ್ಲಿಂದ ಬರುತ್ತದೆ, ಮಗು ಎತ್ತಿಕೊಂಡು ಒಂದೇ ಕಡೆ ಕಾಲು ಹಾಕಿ ಕೂತ ಹಿಂಬದಿಯ ಹೆಂಗಸಿನದು.

ಒಂದು ದಿನ ಬೆಳಗ್ಗೆ ಒಬ್ಬರು ಮನೆ ಹುಡುಕಿಕೊಂಡು ಬಂದರು. ಅರವತ್ತರ ಆಚೆಯ ವಯಸ್ಸು, ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರಲ್ಲಿ ಎಫ್‌ಐಆರ್, ಮಹಜರು, ಪೋಸ್ಟ್‌ಮಾರ್ಟಂ ರಿಪೋರ್ಟು, ಗಾಡಿ ತಪಾಸಣೆಯ ವರದಿ, ಮಗನ ಎರಡು ಪಾಸ್‌ಪೋರ್ಟ್ ಫೋಟೋ. ಪರಿಹಾರದ ಕೇಸು ಆರು ತಿಂಗಳೊಳಗೆ ಹಾಕಬೇಕಂತೆ, ಪೇಪರ್ ಕಟಿಂಗ್ ಇದ್ದರೆ ಒಳ್ಳೆಯದು ಎಂದು ಯಾರೋ ಹೇಳಿದ್ದರು. ವಕೀಲರಿಗೆ ಅದು ಬೇಕಾಗುವುದಿಲ್ಲ ಎಂದೆ. ಕೇಳಲಿಲ್ಲ. ಹಳೆಯ ಕಟ್ಟು ಬಿಚ್ಚಿ, ಹುಡುಕಿ ಕತ್ತರಿಸಿ ಕೊಟ್ಟೆ. ಮಹಜರಿನ ನಕಾಶೆಯನ್ನೂ ಅವರೇ ತೆರೆದು ತೋರಿಸಿದರು: ಎರಡು ಗೆರೆ ರಸ್ತೆ, ಉತ್ತರಕ್ಕೊಂದು ಬಾಣ, ಮಧ್ಯೆ ಒಂದು ಗುಣಾಕಾರ ಚಿಹ್ನೆ. ಡಿವೈಡರ್ ಒಡೆದ ಜಾಗ ಅದರಲ್ಲಿರಲಿಲ್ಲ. ಹೇಳೋಣವೆಂದುಕೊಂಡು ಬಾಯಿ ತೆರೆದೆ. ಚಾಲಕನ ನಿರ್ಲಕ್ಷ್ಯ ಸಾಬೀತಾದರೆ ತಾನೇ ಇನ್ಶೂರೆನ್ಸಿನವರು ಪೂರ್ತಿ ಕೊಡುವುದು, ರಸ್ತೆಯ ತಪ್ಪೆಂದರೆ ಇವರಿಗೆ ಯಾರು ಕೊಡುತ್ತಾರೆ?

ಅವರು ಕಟಿಂಗನ್ನು ಕಣ್ಣಿಗೆ ಹತ್ತಿರ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಓದಿದರು. ಮೂರನೇ ಸಾಲಿನಲ್ಲಿ ಬೆರಳು ನಿಂತಿತು.

‘ಅತಿವೇಗ ಅಂತ ಬರೆದಿದ್ದೀರಲ್ಲ ಸ್ವಾಮಿ, ಅಷ್ಟು ಸಾಕು’ ಎಂದು ಮಡಿಸಿ ಕವರಿನೊಳಗೆ ಇಟ್ಟುಕೊಂಡರು.