ಮದುವೆಯಾಗದವರಿಗೆ ಕಾಲಂ ಇಲ್ಲ

ಆರೋಗ್ಯ ಉಪಕೇಂದ್ರದ ನರ್ಸಮ್ಮನ ಬಳಿ ಅರ್ಹ ದಂಪತಿಗಳ ಪುಸ್ತಕ ಇರುತ್ತದೆ. ಹೆಂಡತಿಯ ವಯಸ್ಸು, ಬದುಕಿರುವ ಮಕ್ಕಳೆಷ್ಟು, ಕೊನೆಯ ಮಗುವಿಗೆ ಎಷ್ಟು ವರ್ಷ, ಯಾವ ವಿಧಾನ ಬಳಸುತ್ತಿದ್ದಾರೆ ಎಂದೆಲ್ಲ ಅದರಲ್ಲಿ ಕಾಲಂಗಳಿವೆ. ಹೆಂಡತಿ 15ರಿಂದ 49ರೊಳಗಿನವಳಾದರೆ ಆ ಮನೆ ಪುಸ್ತಕಕ್ಕೆ ಸೇರುತ್ತದೆ. ಕುಟುಂಬ ಯೋಜನೆಯ ಇಡೀ ಲೆಕ್ಕ ಶುರುವಾಗುವುದು ಇಲ್ಲಿಂದ. ಇಪ್ಪತ್ತು ತುಂಬಿದ, ಮದುವೆಯಾಗದ ಹುಡುಗಿಗೆ ಅದರಲ್ಲಿ ಒಂದು ಸಾಲೂ ಇಲ್ಲ. ಕರ್ನಾಟಕದ ಗಡಿಗಂಟಿದ, ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ–ತಾಳಮಲೆ ಸೀಮೆಯ ಯುವಜನರಿಗೆ ಸಿಗುತ್ತಿರುವ ಸೇವೆಯ ಕೊರತೆ ಏನೆಂದು ಕೇಳಿದರೆ ನಾನು ಈ ಪುಸ್ತಕವನ್ನೇ ತೋರಿಸುತ್ತೇನೆ.

ತಮಿಳುನಾಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಸಾಮಾನ್ಯದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.8 ಮಕ್ಕಳು, ಪಕ್ಕದ ಕರ್ನಾಟಕದಲ್ಲಿ 1.7. ಆದರೆ ಎರಡೂ ಕಡೆ ಇದು ಹೆಂಗಸರ ಆಪರೇಷನ್ನಿನಿಂದ ಬಂದ ಫಲ. ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಮಾಡಿಸಿಕೊಂಡಿದ್ದಾರೆ. ಗಂಡಸರ ಪಾಲು ಹೇಳಿಕೊಳ್ಳುವಂಥದ್ದಲ್ಲ. ‘ಮಕ್ಕಳು ಸಾಕು’ ಅನ್ನುವವರಿಗೆ ದಾರಿ ಹಸನಾಗಿದೆ. ‘ಈಗಲೇ ಬೇಡ’ ಅನ್ನುವವರ ಪಾಡು ಬೇರೆ. ಮದುವೆಯಾಗಿ ಆರು ತಿಂಗಳಾಗುವಷ್ಟರಲ್ಲಿ ‘ಏನವ್ವ, ವಿಶೇಷ ಇಲ್ವಾ?’ ಎಂಬ ಪ್ರಶ್ನೆ ಬರುವ ಮನೆಯಲ್ಲಿ ಹತ್ತೊಂಬತ್ತರ ಸೊಸೆ ಮಾಲಾ-ಎನ್ ಮಾತ್ರೆಯನ್ನು ಎಲ್ಲಿ ಬಚ್ಚಿಡಬೇಕು? ಮೊದಲ ಹೆರಿಗೆಗೆ ವಂಕಿ, ಎರಡನೆಯದಕ್ಕೆ ಆಪರೇಷನ್. ಇಷ್ಟೇ ಎಂದು ನಡೆದುಕೊಂಡು ಬಂದಿದೆ. ಮೂರು ತಿಂಗಳಿಗೊಂದು ಹಾಕಿಸಿಕೊಳ್ಳುವ ಅಂತರಾ ಚುಚ್ಚುಮದ್ದು 2017ರಿಂದ ಸರ್ಕಾರದ ಪಟ್ಟಿಯಲ್ಲಿದೆ. ಅದಕ್ಕೆ ಮನೆಯಲ್ಲಿ ಬಚ್ಚಿಡುವ ಮಾತ್ರೆಯಿಲ್ಲ, ಅತ್ತೆಯ ಕಣ್ಣಿಗೆ ಬೀಳುವ ಡಬ್ಬಿಯಿಲ್ಲ. ಹೊಸ ಸೊಸೆಗೆ ಮೊದಲು ಹೇಳಬೇಕಾದದ್ದು ಅದನ್ನು.

ಇನ್ನು ಮದುವೆಯಾಗದವರ ವಿಷಯ. ಸಂಭೋಗವಾದ 72 ಗಂಟೆಯೊಳಗೆ ನುಂಗಬೇಕಾದ ತುರ್ತು ಗರ್ಭನಿರೋಧಕ ಮಾತ್ರೆಯನ್ನು ವೈದ್ಯರ ಚೀಟಿ ಇಲ್ಲದೆ ಮಾರಬಹುದೆಂದು ಕೇಂದ್ರ 2005ರಲ್ಲೇ ಒಪ್ಪಿದೆ. ತಮಿಳುನಾಡಿನಲ್ಲಿ ನಿಷೇಧವೇನೂ ಇಲ್ಲ. ಆದರೂ ಬಹುತೇಕ ಮೆಡಿಕಲ್ ಶಾಪುಗಳು ಅದನ್ನು ಇಡುವುದಿಲ್ಲ. ಚಾಮರಾಜನಗರದ ಅಂಗಡಿಯಲ್ಲಿ ಅದೇ ಮಾತ್ರೆ ಕೌಂಟರಿನ ಮೇಲೆ ಸಿಗುತ್ತದೆ. ಹಾಗಾಗಿ ತಾಳವಾಡಿ ಕಡೆಯ ಹುಡುಗನಿಗೆ ಗಡಿ ದಾಟುವುದೇ ಸುಲಭದ ದಾರಿ. ತಮಿಳುನಾಡಿನ ಒಳಗೇ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗಬೇಕು. ಆ ಘಾಟಿಯಲ್ಲಿ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಹುಲಿ, ಆನೆಗಳ ದೃಷ್ಟಿಯಿಂದ ಅದು ಸರಿಯೇ, ಆದರೆ 72 ಗಂಟೆಯ ಲೆಕ್ಕ ಯಾರಿಗೂ ಕಾಯುವುದಿಲ್ಲ.

ಚರಿತ್ರೆಯ ವ್ಯಂಗ್ಯವೂ ಇಲ್ಲಿದೆ. ಸಂತಾನ ನಿಯಂತ್ರಣಕ್ಕೆಂದು ಸರ್ಕಾರವೇ ಚಿಕಿತ್ಸಾಲಯ ತೆರೆದದ್ದು ಜಗತ್ತಿನಲ್ಲೇ ಮೊದಲು ಮೈಸೂರು ಸಂಸ್ಥಾನದಲ್ಲಿ, 1930ರಲ್ಲಿ. ಆಗ ಕೊಳ್ಳೇಗಾಲವೂ ತಾಳವಾಡಿಯೂ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಅಲ್ಲೇ ಉಳಿಯಿತು. ಹಾಗಾಗಿ ಅಲ್ಲಿನ ಕನ್ನಡ ಮಾತಾಡುವ ಊರುಗಳಿಗೆ ಆರೋಗ್ಯ ಇಲಾಖೆಯ ಕರಪತ್ರ ತಮಿಳಿನಲ್ಲಿ ಬರುತ್ತದೆ. ಇಂಥ ವಿಷಯವನ್ನು ಯಾರಿಂದಲೂ ಓದಿಸಿ ಕೇಳಲಾಗದು.

ಆಶಾ ಕಾರ್ಯಕರ್ತೆಯರು ಇದ್ದಾರಲ್ಲ ಎನ್ನಬಹುದು. ತಮಿಳುನಾಡು ಅವರನ್ನು ನೇಮಿಸಿರುವುದು ಮುಖ್ಯವಾಗಿ ಬೆಟ್ಟ, ಬುಡಕಟ್ಟು ಪ್ರದೇಶಗಳಲ್ಲೇ. 2011ರ ಯೋಜನೆಯಂತೆ ಅವರ ಚೀಲದಲ್ಲಿ ಒಂದು ರೂಪಾಯಿಗೆ ಮೂರು ನಿರೋಧ್, ಎರಡು ರೂಪಾಯಿಗೆ ತುರ್ತು ಮಾತ್ರೆ ಇರಬೇಕು. ಬೆಲೆ ಅಡ್ಡಿಯಲ್ಲ. ಆದರೆ ನಿಯಮದಂತೆ ಆಶಾ ಅದೇ ಊರಿನ ವಾಸಿ. ಸೋಲಿಗರ ಪೋಡಿನಲ್ಲಿ ಆಕೆ ಯಾರಿಗೋ ಅತ್ತಿಗೆ, ಯಾರಿಗೋ ಚಿಕ್ಕಮ್ಮ. ಬೆಳಿಗ್ಗೆ ಕೇಳಿದ್ದು ಸಂಜೆಗೆ ನಲ್ಲಿ ಹತ್ತಿರ ಸುದ್ದಿಯಾದೀತೆಂಬ ಅಂಜಿಕೆಯನ್ನು ಯೋಜನೆ ಬರೆದವರು ಯೋಚಿಸಿದಂತಿಲ್ಲ. ಹದಿಹರೆಯದವರಿಗೆಂದು 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲೂ ರಕ್ತಹೀನತೆ, ಮುಟ್ಟಿನ ಶುಚಿತ್ವದವರೆಗೆ ಮಾತು ಸಲೀಸು; ಮುಂದಿನದಕ್ಕೆ ದನಿ ತಗ್ಗುತ್ತದೆ.

ಹದಿನೆಂಟರೊಳಗಿನವರ ಮಾತು ಇನ್ನೂ ಬಿಗಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೋ ಕಾಯ್ದೆಯಡಿ ಅವರ ಲೈಂಗಿಕ ಸಂಬಂಧದ ವಿಷಯ ತಿಳಿದೂ ಪೊಲೀಸರಿಗೆ ತಿಳಿಸದಿದ್ದರೆ ಶಿಕ್ಷೆ ಇದೆ, ನರ್ಸಿನ ಭಯ ಸುಳ್ಳಲ್ಲ. ಸಮ್ಮತಿಯ ಸಂಬಂಧದಿಂದ ಬಸುರಾದ ಬಾಲಕಿಯ ಗರ್ಭಪಾತದ ವರದಿಯಲ್ಲಿ, ಅವಳೂ ಪೋಷಕರೂ ಕೋರಿದರೆ, ಹೆಸರು ಹೇಳಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 29 ಸೆಪ್ಟೆಂಬರ್ 2022ರಂದು ಹೇಳಿತು. ಈ ತೀರ್ಪು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಇರಬೇಕಿತ್ತು.

ಬೇಕಾದದ್ದು ಹೆಚ್ಚೇನಲ್ಲ. ಯಾರನ್ನೂ ಕೇಳದೆ ಕೈಹಾಕಿ ತೆಗೆದುಕೊಳ್ಳುವಂತೆ ಆರೋಗ್ಯ ಕೇಂದ್ರದ ಹೊರಗೊಂದು ನಿರೋಧ್ ಪೆಟ್ಟಿಗೆ, ವಯಸ್ಕರು ಕೇಳಿದರೆ ‘ಮದುವೆಯಾಗಿದೆಯಾ’ ಎಂದು ಮರುಪ್ರಶ್ನೆ ಹಾಕದೆ ಮಾತ್ರೆ ಕೊಡುವ ಕೈ, ಕನ್ನಡದಲ್ಲೊಂದು ಕರಪತ್ರ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಈರೋಡು ಜಿಲ್ಲಾ ಕಚೇರಿಯಿಂದ ಒಂದು ಸುತ್ತೋಲೆ ಹೊರಡಲಿ.